ಐಟಿ ಕೆಲಸ ಬಿಟ್ಟು ಸ್ಕೂಬಾ ಇನ್‌ಸ್ಟ್ರಕ್ಟರ್ ಆಗಬಹುದಾ?

ಪ್ರಶ್ನೆ: ನನಗೆ 28 ವರ್ಷ. ಊರು ಹಾಸನ, ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್. ಆಫೀಸಿನ ಗೆಳತಿಯರ ಜೊತೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿ ಟ್ರೈ ಡೈವ್ (ತರಬೇತಿ ಇಲ್ಲದವರನ್ನು ಇನ್‌ಸ್ಟ್ರಕ್ಟರ್ ಜೊತೆಗಿದ್ದು ಇಳಿಸುವ ಮೊದಲ ಡೈವ್) ಮಾಡಿದ್ದೆ. ಆಮೇಲೆ ಅಂಡಮಾನಿನಲ್ಲಿ ಡೈವಿಂಗ್‌ನ ಮೊದಲ ಮೆಟ್ಟಿಲುಗಳಾದ ಓಪನ್ ವಾಟರ್, ಅಡ್ವಾನ್ಸ್‌ಡ್ ಎರಡೂ ಕೋರ್ಸ್ ಮುಗಿಸಿದೆ. ಈಗ 22 ಡೈವ್ ಆಗಿವೆ. ನೀರಿನ ಕೆಳಗೆ ಸಿಗುವ ನೆಮ್ಮದಿ ಬೇರೆಲ್ಲೂ ಸಿಗುತ್ತಿಲ್ಲ. ಕೆಲಸ ಬಿಟ್ಟು ಇನ್‌ಸ್ಟ್ರಕ್ಟರ್ ಆಗೋಣ ಅಂತಿದ್ದೇನೆ. ಒಂದು ಕಡೆ ಆರು ತಿಂಗಳಲ್ಲಿ ಎಲ್ಲ ಮುಗಿಸಿಕೊಡುವ 'ಝೀರೋ ಟು ಹೀರೋ' ಪ್ಯಾಕೇಜ್ ಇದೆ, ಮೊದಲೇ ಪೂರ್ತಿ ದುಡ್ಡು ಕಟ್ಟಬೇಕು. ಅಪ್ಪ 'ಇದೆಂಥ ಹುಚ್ಚು' ಅನ್ನುತ್ತಾರೆ. ಇದರಲ್ಲಿ ಜೀವನ ಸಾಗುತ್ತಾ? ಅಂಡರ್‌ವಾಟರ್ ಕ್ಯಾಮೆರಾ ಈಗಲೇ ತಗೊಳ್ಳಲಾ?

ಉತ್ತರ:

ಆಗಬಹುದು. ಬೆಂಗಳೂರಿನ ಆಫೀಸು ಬಿಟ್ಟು ಬಂದ ಎಷ್ಟೋ ಜನ ಈ ಕೆಲಸದಲ್ಲಿ ಚೆನ್ನಾಗಿದ್ದಾರೆ. ಆದರೆ ರಾಜೀನಾಮೆ ಈಗಲೇ ಬರೆಯಬೇಡಿ. ನಿಮ್ಮ ಪತ್ರದ ಒಂದು ಮಾತು ನನಗೆ ಸ್ವಲ್ಪ ಯೋಚನೆ ಹತ್ತಿಸಿತು. ನೀರಿನ ಕೆಳಗಿನ ನೆಮ್ಮದಿಗಾಗಿ ಬರುತ್ತೇನೆ ಅನ್ನುತ್ತೀರಿ. ಆ ನೆಮ್ಮದಿ ಗೆಸ್ಟ್‌ಗೆ ಸಿಗುವಂಥದ್ದು. ನೀವು ಕಣ್ಣರಳಿಸಿ ಮೀನು ನೋಡುತ್ತಿದ್ದಾಗ ನಿಮ್ಮ ಇನ್‌ಸ್ಟ್ರಕ್ಟರ್ ನಿಮ್ಮನ್ನು ನೋಡುತ್ತಿದ್ದರು, ನಿಮ್ಮ ಗಾಳಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುತ್ತಿದ್ದರು. ಅವರಿಗೆ ಅಲ್ಲಿ ನೆಮ್ಮದಿ ಎಲ್ಲಿ ಬಂತು?

ಡಿಸೆಂಬರ್ ತಿಂಗಳ ಒಂದು ಶನಿವಾರ ತಗೊಳ್ಳಿ. ಮುರುಡೇಶ್ವರದಲ್ಲಿ ಬೆಳಕು ಹರಿಯುವಾಗಲೇ ಸಿಲಿಂಡರ್ ಹೊರುವುದು ಶುರು. ತುಂಬಿದ ಅಲ್ಯುಮಿನಿಯಂ ಸಿಲಿಂಡರ್ ಒಂದಕ್ಕೆ ಸುಮಾರು 17 ಕೆಜಿ. ಗೆಸ್ಟ್‌ಗಳು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿರುತ್ತಾರೆ. ನಿದ್ದೆಯಿಲ್ಲ. ಹೊಟ್ಟೆ ಹಗುರ ಇಟ್ಟುಕೊಳ್ಳಿ ಅಂದರೂ ಮಸಾಲೆದೋಸೆ ತಿಂದೇ ಬರುತ್ತಾರೆ. ನೇತ್ರಾಣಿ ಸುಮಾರು 19 ಕಿ.ಮೀ. ದೂರ, ಬೋಟಿನಲ್ಲಿ ಗಂಟೆ, ಒಂದೂವರೆ ಗಂಟೆ. ಅರ್ಧ ದಾರಿಗೆ ಇಬ್ಬರು ಮೂವರು ಬೋಟಿನ ಅಂಚು ಹಿಡಿದು ವಾಂತಿ ಮಾಡುತ್ತಿರುತ್ತಾರೆ. ಈಜು ಬಾರದವರೂ ಇರುತ್ತಾರೆ. ಗಂಡ ಒತ್ತಾಯ ಮಾಡಿದ್ದಕ್ಕೆ ಬಂದವರು, ಗೆಳೆಯರ ಎದುರು ಧೈರ್ಯ ತೋರಿಸಲು ಬಂದವರು ಅಂತೂ ಪ್ರತಿ ಬೋಟಿನಲ್ಲೂ ಸಿಗುತ್ತಾರೆ.

ಆಮೇಲೆ ಒಬ್ಬೊಬ್ಬರನ್ನೇ ಇಳಿಸಬೇಕು. ಸ್ವಲ್ಪ ಹೊತ್ತು ಸುತ್ತಿಸಬೇಕು, ಮೇಲೆ ತರಬೇಕು, ಮುಂದಿನವರನ್ನು ಕರೆಯಬೇಕು. ಅದೇ ಬಂಡೆ, ಅದೇ ಹವಳ. ಡೈವಿಂಗ್ ಕಲಿತವರಿಗೆ ಕಾರ್ಡ್ (ಸರ್ಟಿಫಿಕೇಟ್) ಕೊಡುವ ಸಂಸ್ಥೆಯಾದ ಪ್ಯಾಡಿಯ ನಿಯಮದ ಪ್ರಕಾರ ಟ್ರೈ ಡೈವ್‌ಗೆ 12 ಮೀಟರ್ ಮಿತಿ, ಹಾಗಾಗಿ ಆಳಕ್ಕೂ ಹೋಗುವಂತಿಲ್ಲ. ಪಕ್ಕದಲ್ಲಿ ಬರಾಕುಡಾ ಹಿಂಡು ಹೋದರೂ ನಿಮ್ಮ ದೃಷ್ಟಿ ಗೆಸ್ಟ್ ಮುಖದ ಮೇಲೆ. ಕಣ್ಣು ಅಗಲ ಆಯಿತಾ? ಗುಳ್ಳೆ ಜಾಸ್ತಿ ಬರುತ್ತಿದೆಯಾ? ಕೈ ಮಾಸ್ಕ್ ಕಡೆ ಹೋಗುತ್ತಿದೆಯಾ? ಗಾಬರಿಯಾದವರು ಮಾಸ್ಕ್ ಕಿತ್ತು, ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಉಗಿದು, ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಲು ನೋಡುತ್ತಾರೆ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಡದಿದ್ದರೆ ಶ್ವಾಸಕೋಶ ಹರಿಯಬಹುದು. ಅದಕ್ಕೇ ಟ್ರೈ ಡೈವ್ ಮಾಡಿಸುವವರ ಕೈ ಗೆಸ್ಟ್ ಬೆನ್ನಿನ ಸಿಲಿಂಡರ್ ಬಿಟ್ಟು ಕದಲುವುದಿಲ್ಲ.

ಸಂಜೆ ದಡಕ್ಕೆ ಬಂದ ಮೇಲೆ ಸಾಮಾನೆಲ್ಲ ಸಿಹಿನೀರಿನಲ್ಲಿ ತೊಳೆಯಬೇಕು. ಕಂಪ್ರೆಸರ್ ಹಾಕಿ ನಾಳೆಗೆ ಸಿಲಿಂಡರ್ ತುಂಬಿಸಬೇಕು. ವೀಡಿಯೊ ಇನ್ನೂ ಬಂದಿಲ್ಲ ಅಂತ ಗೆಸ್ಟ್ ಮಾಡುವ ಫೋನಿಗೆ ಉತ್ತರ ಕೊಡಬೇಕು.

ಹೆದರಿಸಲು ಬರೆದದ್ದಲ್ಲ ಇದು. ನಡುಗುತ್ತಾ ಇಳಿದ ಒಬ್ಬರು ಐದು ನಿಮಿಷದಲ್ಲಿ ಶಾಂತವಾಗಿ ಉಸಿರಾಡುವುದನ್ನು ನೋಡುವುದರಲ್ಲಿ ಬೇರೆಯೇ ಖುಷಿ ಇದೆ. ಅದು ಹಿಡಿಸಿದವರು ವರ್ಷಗಟ್ಟಲೆ ಈ ಕೆಲಸದಲ್ಲಿ ಉಳಿಯುತ್ತಾರೆ. ಸಮುದ್ರ ಮಾತ್ರ ಇಷ್ಟ, ಜನ ಕಿರಿಕಿರಿ ಅನ್ನುವವರು ಎರಡನೇ ಸೀಸನ್‌ಗೆ ಹೊರಟುಹೋಗುತ್ತಾರೆ. ನೀವು ಯಾವ ಗುಂಪಿನವರು ಅನ್ನುವುದು 22 ಡೈವ್‌ಗಳಿಂದ ಗೊತ್ತಾಗುವುದಿಲ್ಲ. ಅಷ್ಟೂ ಡೈವ್‌ನಲ್ಲಿ ನೀವೇ ಗೆಸ್ಟ್ ಆಗಿದ್ದಿರಿ, ಅಲ್ವಾ?

ಈಗ ಮೆಟ್ಟಿಲುಗಳ ವಿಷಯ. ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆಯುವುದು ಪ್ಯಾಡಿ ಮತ್ತು ಅಂಥದ್ದೇ ಇನ್ನೊಂದು ಸಂಸ್ಥೆಯಾದ ಎಸ್‌ಎಸ್‌ಐ ಕಾರ್ಡುಗಳು. ಯಾವುದು ಮೇಲು ಅನ್ನುವ ಜಗಳ ನಡೆಯುತ್ತಲೇ ಇರುತ್ತದೆ, ನೀವು ತಲೆ ಕೆಡಿಸಿಕೊಳ್ಳಬೇಡಿ. ಯಾರ ಕೈಯಲ್ಲಿ ಕಲಿಯುತ್ತೀರಿ ಅನ್ನುವುದೇ ಮುಖ್ಯ. ಪ್ಯಾಡಿ ದಾರಿಯನ್ನೇ ಹೇಳುತ್ತೇನೆ. ಅಡ್ವಾನ್ಸ್‌ಡ್ ಆದ ಮೇಲೆ ಪ್ರಥಮ ಚಿಕಿತ್ಸೆ ತರಬೇತಿ ಮತ್ತು ರೆಸ್ಕ್ಯೂ ಡೈವರ್ (ಅಪಾಯದಲ್ಲಿರುವವರನ್ನು ಕಾಪಾಡುವುದನ್ನು ಕಲಿಸುವ ಕೋರ್ಸ್). ಅಲ್ಲಿಂದ ಡೈವ್‌ಮಾಸ್ಟರ್, ಅಂದರೆ ಇನ್‌ಸ್ಟ್ರಕ್ಟರ್‌ಗೆ ಸಹಾಯಕ. ಇದನ್ನು ಶುರು ಮಾಡಲು 40 ಡೈವ್, ಮುಗಿಸಲು 60 ಡೈವ್ ಆಗಿರಬೇಕು. ಜೊತೆಗೆ ವೈದ್ಯರ ಸಹಿ ಇರುವ ಫಿಟ್‌ನೆಸ್ ಪತ್ರ ಬೇಕು. 400 ಮೀಟರ್ ಈಜು, 15 ನಿಮಿಷ ನಿಂತಲ್ಲೇ ತೇಲುವುದು, ಸುಸ್ತಾದ ಡೈವರ್‌ನನ್ನು 100 ಮೀಟರ್ ಎಳೆದು ತರುವುದು, ಇವಕ್ಕೆಲ್ಲ ಅಂಕ ಇದೆ. ಆಮೇಲೆ ಇನ್‌ಸ್ಟ್ರಕ್ಟರ್ ಕೋರ್ಸ್. ಅದರ ಕೊನೆಯ ಪರೀಕ್ಷೆಗೆ ಕೂರಲು 100 ಡೈವ್ ಬೇಕು, ಮೊದಲ ಕಾರ್ಡ್ ಸಿಕ್ಕಿ ಆರು ತಿಂಗಳಾದರೂ ಆಗಿರಬೇಕು. ಪರೀಕ್ಷೆ ನಡೆಸುವವರು ಪ್ಯಾಡಿ ಕಡೆಯಿಂದ ಬರುತ್ತಾರೆ, ನಿಮಗೆ ಕಲಿಸಿದವರಲ್ಲ. ಭೌತಶಾಸ್ತ್ರ, ಶರೀರ ವಿಜ್ಞಾನ, ಉಪಕರಣ, ಡಿಕಂಪ್ರೆಷನ್ (ಮೇಲೆ ಬರುವಾಗ ಒತ್ತಡ ಇಳಿಯುವುದು) ಎಲ್ಲದರ ಲಿಖಿತ ಪ್ರಶ್ನೆ ಇರುತ್ತದೆ. ನೀರಿನಲ್ಲಿ ಪಾಠ ಮಾಡಿ ತೋರಿಸಬೇಕು. ಟೆಸ್ಟಿಂಗ್ ಕೆಲಸದವರು ನೀವು, ಓದುವ ಭಾಗ ನಿಮಗೆ ಕಷ್ಟವಾಗಲಾರದು.

ಖರ್ಚು ಊರಿಂದ ಊರಿಗೆ, ಕೇಂದ್ರದಿಂದ ಕೇಂದ್ರಕ್ಕೆ ಬೇರೆ. ರೆಸ್ಕ್ಯೂನಿಂದ ಇನ್‌ಸ್ಟ್ರಕ್ಟರ್ ತನಕ, ಸ್ವಂತ ಸಾಮಾನು, ಪರೀಕ್ಷೆ ಶುಲ್ಕ, ಉಳಿಯುವ ಖರ್ಚು ಎಲ್ಲ ಸೇರಿ ನಾಲ್ಕೈದು ಲಕ್ಷ ಕೈಯಲ್ಲಿಟ್ಟುಕೊಂಡು ಹೊರಡಿ. ಪರೀಕ್ಷೆ ಶುಲ್ಕ ಮತ್ತು ವರ್ಷವರ್ಷ ಕಟ್ಟುವ ಸದಸ್ಯತ್ವ ಶುಲ್ಕ ಹೆಚ್ಚಾಗಿ ಪ್ಯಾಕೇಜಿನ ಹೊರಗೇ ಇರುತ್ತವೆ. ಕೊಟೇಶನ್ ಓದುವಾಗ ಅದನ್ನು ಮೊದಲು ಹುಡುಕಿ.

ಪ್ಯಾಕೇಜ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಬೇಡ. ಆರು ತಿಂಗಳಲ್ಲಿ ಒಂದೇ ಜಾಗದಲ್ಲಿ, ಒಂದೇ ಬಂಡೆಯ ಸುತ್ತ ನೂರು ಡೈವ್ ಲಾಗ್ ಮಾಡಿ ಇನ್‌ಸ್ಟ್ರಕ್ಟರ್ ಆಗುವುದು ನಿಯಮದ ಪ್ರಕಾರ ಸರಿಯೇ ಇರಬಹುದು. ಆದರೆ ಅದು ಲೈಸೆನ್ಸ್ ಸಿಕ್ಕ ವಾರವೇ ಆಗುಂಬೆ ಘಾಟಿಯಲ್ಲಿ ತುಂಬಿದ ಬಸ್ ಓಡಿಸಲು ಕೂತ ಹಾಗೆ. ಸೆಳೆತ ಇರುವ ನೀರು, ಕೈಯಳತೆಯಾಚೆ ಏನೂ ಕಾಣದ ಕದಡಿದ ನೀರು, ರಾತ್ರಿ ಡೈವ್, ಕೆಟ್ಟ ಅಲೆಯಲ್ಲಿ ಬೋಟ್ ಹತ್ತುವುದು, ಇವೆಲ್ಲ ನಿಮಗೇ ಹೊಸದಾಗಿರುವಾಗ ಇನ್ನೊಬ್ಬರ ಜೀವದ ಹೊಣೆ ಹೊತ್ತಿರುತ್ತೀರಿ. ಇನ್ನೊಂದು ವಿಷಯ. ಪೂರ್ತಿ ದುಡ್ಡು ಮೊದಲೇ ಕಟ್ಟಿದರೆ, ಎರಡನೇ ತಿಂಗಳಲ್ಲಿ 'ಇದು ನನಗಲ್ಲ' ಅನ್ನಿಸಿದರೂ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ.

'ದುಡ್ಡು ಬೇಡ, ಇಲ್ಲೇ ಕೆಲಸ ಮಾಡಿ ಡೈವ್‌ಮಾಸ್ಟರ್ ಕಲಿಯಿರಿ' ಅನ್ನುವ ಇಂಟರ್ನ್‌ಶಿಪ್‌ಗಳೂ ಇವೆ. ಕೆಲವು ನಿಜಕ್ಕೂ ಒಳ್ಳೆಯವು. ಕೆಲವು ಕಡೆ ಸುಮ್ನೆ ಸಿಲಿಂಡರ್ ಹೊರಿಸಿಕೊಳ್ಳುತ್ತಾರೆ. ವಾರಕ್ಕೆ ಎಷ್ಟು ಗಂಟೆ ಪಾಠ, ಯಾರು ಕಲಿಸುತ್ತಾರೆ, ಯಾವ ತಿಂಗಳಲ್ಲಿ ಮುಗಿಯುತ್ತದೆ ಅಂತ ಬರೆದುಕೊಡಲು ಕೇಳಿ. ಬರೆದುಕೊಡದವರ ಕಡೆ ಹೋಗಬೇಡಿ.

ಡೈವ್‌ಮಾಸ್ಟರ್ ಆದ ಕೂಡಲೇ ಸಂಪಾದನೆ ಶುರು ಅಂದುಕೊಳ್ಳಬೇಡಿ. ಕಾರ್ಡ್ ಇರುವ ಡೈವರ್‌ಗಳನ್ನು ಕರೆದುಕೊಂಡು ಹೋಗಬಹುದು, ಇನ್‌ಸ್ಟ್ರಕ್ಟರ್‌ಗೆ ಸಹಾಯ ಮಾಡಬಹುದು. ಹೊಸಬರಿಗೆ ಓಪನ್ ವಾಟರ್ ಕೋರ್ಸ್ ಕಲಿಸುವಂತಿಲ್ಲ. ಸಮುದ್ರದಲ್ಲಿ ಟ್ರೈ ಡೈವ್ ಮಾಡಿಸುವುದೂ ನಿಯಮದಲ್ಲಿ ಇನ್‌ಸ್ಟ್ರಕ್ಟರ್ ಕೆಲಸವೇ. 'ನೀವೇ ಮಾಡಿಸಿ, ಏನಾಗಲ್ಲ' ಅನ್ನುವ ಜಾಗ ಸಿಕ್ಕರೆ ಅಲ್ಲಿ ನಿಲ್ಲಬೇಡಿ. ಏನಾದರೂ ಆದ ದಿನ ಕಾರ್ಡ್ ನಿಮ್ಮದೇ, ಕೇಸ್ ಕೂಡ ನಿಮ್ಮ ಮೇಲೇ.

ನಮ್ಮ ಕಡೆ ಸಂಬಳಕ್ಕಿಂತ ದೊಡ್ಡ ಪ್ರಶ್ನೆ ಮಳೆಗಾಲ. ನೇತ್ರಾಣಿ, ಗೋವಾದ ಗ್ರಾಂಡೆ ದ್ವೀಪ, ಮಾಲವಣ, ಪಶ್ಚಿಮ ಕರಾವಳಿಯ ಯಾವುದೇ ಜಾಗ ನೋಡಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಬಾಗಿಲು ಹಾಕಿರುತ್ತದೆ. ಅಂಡಮಾನಿನಲ್ಲೂ ಆಗ ಗಿರಾಕಿ ಕಡಿಮೆ. ಅಂದರೆ ವರ್ಷದಲ್ಲಿ ಎಂಟು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳು ಬದುಕಬೇಕು. ಕೆಲಸಕ್ಕೆ ಸೇರುವಾಗ ತಿಂಗಳಿಗೆ ಎಷ್ಟು ಅಂತ ಮಾತ್ರ ಕೇಳಿದರೆ ಸಾಲದು. ಮಳೆಗಾಲದಲ್ಲಿ ಏನು ಕೊಡುತ್ತೀರಿ? ಒಂದು ಡೈವ್‌ಗೆ ಇಷ್ಟು ಅಂತ ಕಮಿಷನ್ ಇದೆಯಾ? ಊಟ, ರೂಮು ಸೇರಿದೆಯಾ? ನೆಗಡಿಯಾಗಿ ನೀರಿಗೆ ಇಳಿಯಲಾಗದ ದಿನ ದುಡ್ಡು ಕಟ್ ಆಗುತ್ತಾ? ಈ ಕೊನೆಯ ಪ್ರಶ್ನೆ ಕೇಳಿದರೆ ನಗುತ್ತಾರೆ, ಕೇಳಿ ಪರವಾಗಿಲ್ಲ.

ನೆಗಡಿ ಈ ಕೆಲಸದಲ್ಲಿ ಸಣ್ಣ ವಿಷಯ ಅಲ್ಲ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸರಿಹೊಂದುವುದಿಲ್ಲ. ಒತ್ತಡ ಅತಿ ಹೆಚ್ಚು ಏರುಪೇರಾಗುವುದು ಮೊದಲ 10 ಮೀಟರ್‌ನಲ್ಲಿ. ಅಷ್ಟರೊಳಗೇ ಅದು ಎರಡರಷ್ಟಾಗುತ್ತದೆ. 30 ಮೀಟರ್‌ಗೆ ಒಮ್ಮೆ ಇಳಿದು ಬರುವವರ ಕಿವಿಗಿಂತ 6 ಮೀಟರ್‌ಗೆ ದಿನಕ್ಕೆ ಐದಾರು ಸಲ ಹತ್ತಿ ಇಳಿಯುವವರ ಕಿವಿ ಜಾಸ್ತಿ ದಣಿಯುತ್ತದೆ. ಅಂದರೆ ಟ್ರೈ ಡೈವ್ ಮಾಡಿಸುವವರ ಕಿವಿ. ಮೂಗು ಕಟ್ಟಿದಾಗ ಮಾತ್ರೆ ನುಂಗಿ ಇಳಿಯುವವರಿದ್ದಾರೆ. ನೀರಿನ ಕೆಳಗಿರುವಾಗಲೇ ಮಾತ್ರೆಯ ಶಕ್ತಿ ಇಳಿದರೆ ಕಿವಿಯೊಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ. ಮೇಲೆ ಬರಲೇಬೇಕು, ಬಂದರೆ ಕಿವಿ ಸಿಡಿಯುವಷ್ಟು ನೋವು. ಸೀಸನ್ ಜೋರಿದ್ದಾಗ 'ಒಂದೇ ಒಂದು ಡೈವ್' ಅಂತ ಒತ್ತಾಯ ಬರುತ್ತದೆ. ಇಲ್ಲ ಅನ್ನಲು ಕಲಿಯಬೇಕು. ಇನ್‌ಸ್ಟ್ರಕ್ಟರ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಒಬ್ಬ ಇಎನ್‌ಟಿ ವೈದ್ಯರಿಗೆ ಕಿವಿ ತೋರಿಸಿ, ದಿನಾ ನೀರಿಗೆ ಇಳಿಯುವ ಕೆಲಸ ಅಂತ ಹೇಳಿಯೇ ತೋರಿಸಿ. ಅಸ್ತಮಾ, ಮೂರ್ಛೆ ರೋಗದ ಇತಿಹಾಸ ಇದ್ದರೆ ಮುಚ್ಚಿಡಬೇಡಿ.

ಆಳದಲ್ಲಿ ಉಸಿರಾಡುವಾಗ ಮೈಯಲ್ಲಿ ಸೇರಿಕೊಳ್ಳುವ ನೈಟ್ರೋಜನ್ ಲೆಕ್ಕವನ್ನು ನೀವು ಓದಿದ್ದೀರಿ. ಕೆಲಸವಾದ ಮೇಲೆ ಅದು ರಜೆಯ ಲೆಕ್ಕವನ್ನೂ ಬದಲಿಸುತ್ತದೆ. ಸಾಲು ಸಾಲು ದಿನ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು. ಊರಲ್ಲಿ ಏನೋ ತುರ್ತು ಅಂತ ಫೋನ್ ಬಂದರೂ ಅಂಡಮಾನಿನ ಹ್ಯಾವ್‌ಲಾಕ್ (ಈಗ ಸ್ವರಾಜ್ ದ್ವೀಪ) ದ್ವೀಪದಿಂದ ಓಡಿಬಂದು ವಿಮಾನ ಹತ್ತುವಂತಿಲ್ಲ. ಆ ನೈಟ್ರೋಜನ್ ಮೈಯೊಳಗೆ ಗುಳ್ಳೆಯಾಗಿ ಡಿಕಂಪ್ರೆಷನ್ ತೊಂದರೆ ಆದವರನ್ನು ಒತ್ತಡದ ಚೇಂಬರ್‌ನಲ್ಲಿಟ್ಟು ಚಿಕಿತ್ಸೆ ಕೊಡುತ್ತಾರೆ. ಅಂಥ ಚೇಂಬರ್ ಎಲ್ಲ ಊರಲ್ಲೂ ಇರುವುದಿಲ್ಲ. ಅಂಡಮಾನಿಗೆ ಪೋರ್ಟ್ ಬ್ಲೇರ್‌ನ (ಈಗ ಶ್ರೀ ವಿಜಯಪುರಂ) ನೌಕಾಪಡೆ ಆಸ್ಪತ್ರೆಯೇ ಗತಿ. ಕೆಲಸಕ್ಕೆ ಸೇರುವ ಕೇಂದ್ರದ ಬೋಟಿನಲ್ಲಿ ಆಕ್ಸಿಜನ್ ಕಿಟ್ ಇದೆಯಾ, ಅದರ ಸಿಲಿಂಡರ್ ತುಂಬಿದೆಯಾ ಅಂತ ನೀವೇ ತೆರೆದು ನೋಡಿ. ಡೈವಿಂಗ್ ವಿಮೆ ನಿಮ್ಮ ಹೆಸರಲ್ಲೇ ಇರಲಿ.

ಎಲ್ಲಿ ಕೆಲಸ ಮಾಡಬೇಕು ಅನ್ನುವುದನ್ನು ಭಾಷೆಯೂ ತೀರ್ಮಾನ ಮಾಡುತ್ತದೆ. ನೇತ್ರಾಣಿಯಲ್ಲಿ ಕನ್ನಡವೇ ಬಂಡವಾಳ. ಹೆದರಿದವರಿಗೆ ಅವರ ಭಾಷೆಯಲ್ಲಿ 'ಏನೂ ಆಗಲ್ಲ, ನಿಧಾನವಾಗಿ ಉಸಿರು ಬಿಡಿ' ಅಂದರೆ ಅರ್ಧ ಕೆಲಸ ಮುಗಿಯಿತು. ಅಂಡಮಾನಿನಲ್ಲಿ ಹಿಂದಿ ಬೇಕು. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು, ಕೆಲಸಗಳೂ ಬೆರಳೆಣಿಕೆ. ಮಾಲ್ಡೀವ್ಸ್ ರೆಸಾರ್ಟ್‌ಗಳಲ್ಲಿ ವರ್ಷವಿಡೀ ಕೆಲಸ ಇದೆ, ಊಟ ವಸತಿ ಅವರದ್ದೇ. ಆದರೆ ಅಲ್ಲಿ ಜರ್ಮನ್, ರಷ್ಯನ್, ಚೀನಿ ಭಾಷೆ ಬಲ್ಲವರಿಗೆ ಮೊದಲ ಮಣೆ. ಬೆಂಗಳೂರಿನಲ್ಲಿ ಇರುವಾಗಲೇ ಸಂಜೆ ಕ್ಲಾಸಿಗೆ ಸೇರಿ ಒಂದು ಭಾಷೆ ಕಲಿತರೆ ಅದು ಇನ್ನೊಂದು ಡೈವಿಂಗ್ ಸರ್ಟಿಫಿಕೇಟ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಥಾಯ್ಲೆಂಡಿನ ಕೋ ತಾವ್‌ನಲ್ಲಿ ಕಲಿಯಲು ಬರುವವರು ಬಹಳ, ಕಲಿಸುವವರೂ ಬಹಳ, ಹಾಗಾಗಿ ಹೊಸಬರಿಗೆ ಸಂಬಳ ಚೌಕಾಸಿ ಮಾಡುವ ಶಕ್ತಿ ಕಡಿಮೆ.

ನೀವು ಕೇಳದಿದ್ದರೂ ಒಂದು ಮಾತು. ಹೆಂಗಸರು ಈ ಕೆಲಸಕ್ಕೆ ಬೇಕಾಗಿದ್ದಾರೆ. ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಬಂದ ಮನೆಯವರು 'ಮೇಡಂ ಯಾರಾದರೂ ಇದ್ದಾರಾ' ಅಂತಲೇ ಕೇಳುತ್ತಾರೆ. ಆದರೂ ಕೆಲವು ಕೇಂದ್ರಗಳಲ್ಲಿ ಇನ್‌ಸ್ಟ್ರಕ್ಟರ್ ಕಾರ್ಡ್ ಇರುವ ಹೆಣ್ಣುಮಕ್ಕಳನ್ನು ಬುಕಿಂಗ್ ಟೇಬಲ್ಲಿಗೆ ಕೂರಿಸುತ್ತಾರೆ. ಸೇರುವ ಮೊದಲೇ ವಾರಕ್ಕೆ ಎಷ್ಟು ದಿನ ಬೋಟ್ ಅಂತ ಮಾತಾಡಿಕೊಳ್ಳಿ. ಉಳಿಯುವ ರೂಮನ್ನು ಹೋಗಿ ನೋಡಿಯೇ ಒಪ್ಪಿಕೊಳ್ಳಿ.

ಈ ಕ್ಷೇತ್ರದಲ್ಲಿ ಹತ್ತು ವರ್ಷ ದಾಟಿದವರನ್ನು ನೋಡಿದರೆ, ಬಹುತೇಕ ಎಲ್ಲರಿಗೂ ಎರಡನೇ ವಿದ್ಯೆ ಒಂದು ಇದೆ. ಬೆನ್ನು ನೋವು ಶುರುವಾದ ಮೇಲೆ, ಮಳೆಗಾಲದಲ್ಲಿ, ಅದೇ ಕೈ ಹಿಡಿಯುವುದು. ರೆಗ್ಯುಲೇಟರ್ ಬಿಚ್ಚಿ ಸರ್ವೀಸ್ ಮಾಡುವವರು, ಕಂಪ್ರೆಸರ್ ನೋಡಿಕೊಳ್ಳುವವರು ಸಿಗುವುದೇ ಕಷ್ಟ. ಒಳ್ಳೆಯ ಟೆಕ್ನಿಶಿಯನ್‌ಗೆ ಮಳೆಗಾಲವೇ ಸುಗ್ಗಿ, ಎಲ್ಲ ಕೇಂದ್ರದ ಸಾಮಾನೂ ಆಗಲೇ ರಿಪೇರಿಗೆ ಬರುವುದು. ಯಾರೂ ಇದರ ಫೋಟೊ ಹಾಕಿ ಮೆರೆಯುವುದಿಲ್ಲ, ಅಷ್ಟೇ. ಫೋಟೊ, ವೀಡಿಯೊ ಇನ್ನೊಂದು ದಾರಿ. ಆದರೆ ನಿಮ್ಮ ಕ್ಯಾಮೆರಾ ಪ್ರಶ್ನೆಗೆ ಉತ್ತರ: ಈಗ ಬೇಡ. ಒಂದೇ ಜಾಗದಲ್ಲಿ ಕೈಕಾಲು ಬಡಿಯದೆ ತೇಲಿ ನಿಲ್ಲಲು ಬರುವ ತನಕ ಕ್ಯಾಮೆರಾ ಹಿಡಿದವರು ಹವಳ ಮುರಿಯುತ್ತಾರೆ, ಜೊತೆಗಾರರನ್ನು ಮರೆಯುತ್ತಾರೆ. ಆ ದುಡ್ಡಿನಲ್ಲಿ ಮೊದಲು ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್, ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ತಗೊಳ್ಳಿ.

ವಿಜ್ಞಾನದ ಕಡೆ ಮನಸ್ಸಿದ್ದರೆ ಡೈವಿಂಗ್ ಅಲ್ಲಿ ಕೆಲಸವಲ್ಲ, ಕೆಲಸಕ್ಕೆ ಬೇಕಾದ ಸಾಧನ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು 1998ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡ ಕಾಲದಿಂದ ಅಲ್ಲಿನ ಹವಳದ ದಿಬ್ಬಗಳನ್ನು ನೀರಿಗಿಳಿದು ಅಧ್ಯಯನ ಮಾಡುತ್ತಿದ್ದಾರೆ. ಇತಿಹಾಸ ಇಷ್ಟವಾದರೆ ಕಡಲ ಪುರಾತತ್ವ ಇದೆ. 1980ರ ದಶಕದಲ್ಲಿ ದ್ವಾರಕೆಯ ಸಮುದ್ರದಡಿ ಶೋಧ ನಡೆಸಿದ ತಂಡದ ಮುಖ್ಯಸ್ಥರು ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾವ್. 2025ರ ಫೆಬ್ರವರಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ತಂಡ ದ್ವಾರಕೆಯಲ್ಲಿ ಮತ್ತೆ ನೀರಿಗಿಳಿದಾಗ ಅದರಲ್ಲಿ ಮಹಿಳಾ ಪುರಾತತ್ವಜ್ಞರೂ ಇದ್ದರು. ಆದರೆ ಇಲ್ಲೆಲ್ಲ ಮೊದಲು ಕೇಳುವುದು ಪದವಿ. ಡೈವ್ ಸಂಖ್ಯೆ ಆಮೇಲೆ.

ಎಣ್ಣೆ ಬಾವಿ, ಹಡಗಿನ ತಳ, ನೀರಿನಡಿಯ ವೆಲ್ಡಿಂಗ್, ಇದರ ಸಂಬಳದ ಕಥೆಗಳನ್ನೂ ನೀವು ಕೇಳಿರಬಹುದು. ಅದು ಕಮರ್ಷಿಯಲ್ ಡೈವಿಂಗ್. ಬೆನ್ನಿಗೆ ಸಿಲಿಂಡರ್ ಬದಲು ಮೇಲಿನಿಂದ ಪೈಪಿನಲ್ಲಿ ಗಾಳಿ, ತಲೆಗೆ ಹೆಲ್ಮೆಟ್, ಕಣ್ಣಿಗೆ ಕತ್ತಲು. ಅಲ್ಲಿ ಪ್ಯಾಡಿ ಕಾರ್ಡ್ ನಡೆಯುವುದಿಲ್ಲ, ತರಬೇತಿಯೇ ಬೇರೆ. ನಿಮ್ಮ ಇನ್‌ಸ್ಟ್ರಕ್ಟರ್ ಕೋರ್ಸ್ ಆದ ಮೇಲೆ ರಿಗ್‌ನಲ್ಲಿ ಕೆಲಸ ಕೊಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಸುಳ್ಳು ಹೇಳುತ್ತಿದ್ದಾರೆ.

ಹಾಗಾದರೆ ಈಗ ಏನು ಮಾಡಬೇಕು? ಕೆಲಸದಲ್ಲಿರುವಾಗಲೇ ಈ ಸೀಸನ್‌ನಲ್ಲಿ ರೆಸ್ಕ್ಯೂ ಮುಗಿಸಿ. ನನ್ನ ಪ್ರಕಾರ ಎಲ್ಲ ಕೋರ್ಸ್‌ಗಳಲ್ಲಿ ಅದೇ ಅತಿ ಒಳ್ಳೆಯದು. ಇನ್ನೊಬ್ಬರ ಗಾಬರಿ ನೋಡಿ ನೀವು ಗಟ್ಟಿಯಾಗುತ್ತೀರಾ, ನೀವೂ ಗಾಬರಿಯಾಗುತ್ತೀರಾ ಅಂತ ಅಲ್ಲೇ ಗೊತ್ತಾಗುತ್ತದೆ. ಬೇರೆ ಬೇರೆ ಜಾಗದಲ್ಲಿ ಡೈವ್ ಮಾಡಿ, ಪುದುಚೇರಿಯ ಕಡೆಯ ಕದಡಿದ ನೀರಿನಲ್ಲೂ ಮಾಡಿ. ಡೈವ್ 40 ದಾಟಿದ ಮೇಲೆ ಆಫೀಸಿನಲ್ಲಿ ಸಂಬಳವಿಲ್ಲದ ರಜೆ ಒಂದು ತಿಂಗಳು ಕೇಳಿ, ಯಾವುದಾದರೂ ಒಳ್ಳೆಯ ಕೇಂದ್ರದಲ್ಲಿ ಡೈವ್‌ಮಾಸ್ಟರ್ ತರಬೇತಿಗೆ ಸೇರಿ. ಟ್ರೈ ಡೈವ್ ಬೋಟಿಗೇ ಹಾಕಿ ಅಂತ ಕೇಳಿ ಹಾಕಿಸಿಕೊಳ್ಳಿ, ಅನುಭವಿಗಳ ಚಂದದ ಡೈವ್‌ಗಳಿಗಲ್ಲ.

ಅಪ್ಪನ ಹತ್ತಿರ ಸಮುದ್ರದ ಸೌಂದರ್ಯದ ಮಾತು ಬೇಡ. ಲೆಕ್ಕ ತೋರಿಸಿ. ಇಷ್ಟು ಕೂಡಿಟ್ಟಿದ್ದೇನೆ, ಇಷ್ಟು ಖರ್ಚು, ಒಂದು ವರ್ಷ ಏನೂ ಬರದಿದ್ದರೂ ನಡೆಯುತ್ತದೆ, ಆಗದಿದ್ದರೆ ಟೆಸ್ಟಿಂಗ್‌ಗೆ ವಾಪಸ್, ವಿಮೆ ಇದೆ, ಕಿವಿ ತೋರಿಸಿದ್ದೇನೆ. ಇಷ್ಟು ಹೇಳಿದರೆ ಒಪ್ಪುತ್ತಾರೋ ಇಲ್ಲವೋ, ಹುಚ್ಚು ಅನ್ನುವುದನ್ನಂತೂ ನಿಲ್ಲಿಸುತ್ತಾರೆ.

ರಜೆ ಕೇಳುವಾಗ ಡಿಸೆಂಬರ್ ಕೊನೆಯ ವಾರ ಅದರೊಳಗೆ ಬರುವ ಹಾಗೆ ನೋಡಿಕೊಳ್ಳಿ. ರಶ್ ಅತಿ ಜಾಸ್ತಿ ಇರುವುದು ಆಗಲೇ.